ಡಿ ಗ್ರೂಪಿನಿಂದ ಎ ಗ್ರೂಪಿಗೆ

ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಈಗ ಸುಮಾರು 78 ಸಾವಿರ ಕುರ್ಚಿಗಳಿವೆ. ಅದೇ ದೇಶದ ಮಿರಾಸೋಲ್ ಎಂಬ ಊರಿನ ಜನಸಂಖ್ಯೆ, 2022ರ ಜನಗಣತಿಯ ಪ್ರಕಾರ, 63 ಸಾವಿರ ಚಿಲ್ಲರೆ. ಅಂದರೆ ಆ ಊರಿನ ಅಜ್ಜ-ಅಜ್ಜಿಯರು, ಮೊನ್ನೆ ಹುಟ್ಟಿದ ಕೂಸುಗಳು, ಅವುಗಳ ಬಾಣಂತಿ ತಾಯಂದಿರು, ಠಾಣೆಯ ಪೊಲೀಸರು, ಲಾಕಪ್ಪಿನಲ್ಲಿರುವ ಕಳ್ಳರು, ಫುಟ್‌ಬಾಲ್ ಎಂದರೆ ಮೂಗು ಮುರಿಯುವ ನಾಲ್ಕಾರು ಮಂದಿ (ಬ್ರೆಜಿಲಿನಲ್ಲೂ ಅಂಥವರು ಇದ್ದೇ ಇರುತ್ತಾರೆ), ಹೀಗೆ ಒಬ್ಬರನ್ನೂ ಬಿಡದೆ ಬಸ್ಸು ಹತ್ತಿಸಿ ತಂದು ಮರಕಾನಾದಲ್ಲಿ ಕೂರಿಸಿದರೂ ಹದಿನಾಲ್ಕು ಸಾವಿರ ಕುರ್ಚಿ ಖಾಲಿ ಉಳಿಯುತ್ತವೆ. ಬುತ್ತಿಚೀಲ ಇಟ್ಟುಕೊಳ್ಳಲು ಬೇಕಾಗಬಹುದು. ಇಂಥ ಊರಿನ ಕ್ಲಬ್ಬು 2025ರಲ್ಲಿ ಬ್ರೆಜಿಲಿನ ಎ ದರ್ಜೆಯ ಲೀಗಿಗೆ ಮೊಟ್ಟಮೊದಲ ಸಲ ಕಾಲಿಟ್ಟು, ಇಪ್ಪತ್ತು ತಂಡಗಳಲ್ಲಿ ನಾಲ್ಕನೆಯದಾಗಿ ನಿಂತಿತು. ಮೇಲಿದ್ದವರು ಫ್ಲಮೆಂಗೊ, ಪಾಲ್ಮೇರಾಸ್, ಕ್ರುಝೇರೊ ಮಾತ್ರ. ಈ ಮೂವರ ಅಭಿಮಾನಿಗಳನ್ನು ಕೂರಿಸಲು ಎಷ್ಟು ಮರಕಾನಾ ಬೇಕೆಂಬ ಲೆಕ್ಕಕ್ಕೆ ನಾನು ಕೈಹಾಕುವುದಿಲ್ಲ.

ನನಗೆ ಹಿಂದಿನಿಂದಲೂ ಒಂದು ಚಾಳಿ. ಯಾವ ದೇಶದ ಲೀಗಿನ ಅಂಕಪಟ್ಟಿ ಕಣ್ಣಿಗೆ ಬಿದ್ದರೂ ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಮೇಲಿರುವವರದು ಗೊತ್ತಿರುವ ಕಥೆಯೇ. ದುಡ್ಡಿತ್ತು, ಆಟಗಾರರನ್ನು ಕೊಂಡರು, ಗೆದ್ದರು. ಕೆಳಗಿರುವವರ ಕಥೆಯಲ್ಲಿ ಮಳೆ ಬರುತ್ತದೆ, ಸಂಬಳ ಬಾಕಿ ಬರುತ್ತದೆ, ಊರಿನ ಮೇಯರ್ ಬರುತ್ತಾನೆ, ಒಮ್ಮೊಮ್ಮೆ ಕ್ಷೌರಿಕನೂ ಬರುತ್ತಾನೆ. ಅವನ ವಿಷಯ ಮುಂದೆ ಹೇಳುತ್ತೇನೆ. “ಗೆಲ್ಲೋರ ಕಡೆ ಇದ್ದುಬಿಟ್ಟರೆ ನಿಮಗೇನು ಮೈಕೈ ನೋಯುತ್ತಾ?” ಎಂಬುದು ನನ್ನ ಹೆಂಡತಿಯ ಹಳೆಯ ಪ್ರಶ್ನೆ. ಬೆಂಗಳೂರಿನ ಹಲಸೂರಿನ ಮಗ್ಗುಲಲ್ಲಿರುವ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ವಿಶ್ವಕಪ್ಪು ಬಂತೆಂದರೆ ಅಲ್ಲಿನ ಬೀದಿಗೆ ಹಳದಿ-ಹಸಿರು ಬಣ್ಣ. ಅಲ್ಲಿನ ಹುಡುಗರ ಬ್ರೆಜಿಲ್ ಗೆಲ್ಲುವ ಬ್ರೆಜಿಲ್. ಹಾಗಿದ್ದರೆ ಮನೆಯಲ್ಲಿ ಶಾಂತಿ ಇರುತ್ತದೆ ಎಂದು ನನಗೂ ಗೊತ್ತು.

ಹಳದಿ ಬಣ್ಣದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡಬೇಕು. 1950ರ ವಿಶ್ವಕಪ್ಪಿನ ಕೊನೆಯ ಪಂದ್ಯದಲ್ಲಿ ಉರುಗ್ವೆ ಇದೇ ಮರಕಾನಾದಲ್ಲಿ ಬ್ರೆಜಿಲನ್ನು 2-1ರಿಂದ ಸೋಲಿಸಿತು. ಆಗ ಬ್ರೆಜಿಲಿನ ಅಂಗಿ ಬಿಳಿ. ಸೋಲಿನ ಪಾಪವನ್ನು ಅಂಗಿಯ ತಲೆಗೆ ಕಟ್ಟಿ, 1953ರಲ್ಲಿ ಒಂದು ಪತ್ರಿಕೆ ಹೊಸ ಅಂಗಿಗಾಗಿ ಸ್ಪರ್ಧೆ ಏರ್ಪಡಿಸಿತು. ಗೆದ್ದವನು ಅಲ್ದಿರ್ ಶ್ಲೀ ಎಂಬ ಎಳೆಯ ಹುಡುಗ, ಉರುಗ್ವೆಯ ಗಡಿಗೆ ಅಂಟಿಕೊಂಡ ಸಣ್ಣ ಊರಲ್ಲಿ ಹುಟ್ಟಿ ಪೆಲೋಟಾಸ್ ಪಟ್ಟಣದಲ್ಲಿದ್ದವನು. ಜಗತ್ತೇ ಗುರುತಿಸುವ ಹಳದಿ ಅಂಗಿ ಅವನು ಬರೆದ ಚಿತ್ರ. ಆ ಮಹಾಶಯ ಜೀವನವಿಡೀ ಉರುಗ್ವೆಯ ಅಭಿಮಾನಿಯಾಗಿದ್ದ! ಮುಂದೆ ಒಳ್ಳೆಯ ಲೇಖಕನೂ ಆದ. ಬ್ರೆಜಿಲಿನ ಫುಟ್‌ಬಾಲಿನ ಒಳಗುಟ್ಟುಗಳೆಲ್ಲ ಸಣ್ಣ ಊರುಗಳಲ್ಲೇ ಇವೆ ಎಂಬ ನನ್ನ ವಾದಕ್ಕೆ ಇವನೇ ಮೊದಲ ಸಾಕ್ಷಿ. ಮಿರಾಸೋಲ್ ಕ್ಲಬ್ಬಿನದೂ ಹಳದಿ-ಹಸಿರು ಅಂಗಿಯೇ.

ಮಿರಾಸೋಲ್ ಇರುವುದು ಸಾವೊ ಪಾಲೊ ರಾಜ್ಯದ ವಾಯವ್ಯ ಮೂಲೆಯಲ್ಲಿ, ರಾಜಧಾನಿಯಿಂದ ಸುಮಾರು 450 ಕಿ.ಮೀ. ಒಳಗೆ. ಊರು ಶುರುವಾದದ್ದು 1910ರಲ್ಲಿ. ಒಂದು ಕಾಲಕ್ಕೆ ಆ ಸೀಮೆಯ ತುಂಬ ಕಾಫಿ ತೋಟ. ಈಗ ಮಿರಾಸೋಲ್ ಎಂದರೆ ಮಂಚ, ಬೀರು, ಮೇಜು ಮಾಡುವ ಕಾರ್ಖಾನೆಗಳ ಊರು. ವಿಪರೀತ ಸೆಕೆ. ಹದಿನೈದು ಕಿಲೋಮೀಟರ್ ಆಚೆ ಸಾವೊ ಜೋಸೆ ದೊ ರಿಯೊ ಪ್ರೆತೊ ಎಂಬ ದೊಡ್ಡಣ್ಣ ಇದ್ದಾನೆ. ಅದರ ಜನಸಂಖ್ಯೆ ನಾಲ್ಕೂ ಮುಕ್ಕಾಲು ಲಕ್ಷ. ಹೆಸರು ಉದ್ದವಾದ್ದರಿಂದ ಊರಿನವರೇ ಅದನ್ನು ರಿಯೊ ಪ್ರೆತೊ ಎನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಅಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ‘ತೇಶೇರಾವ್’ ಎಂಬ ಕ್ರೀಡಾಂಗಣವಿದೆ. ಅದು ಅಮೆರಿಕಾ ಎಂಬ ಹಳೆಯ ಕ್ಲಬ್ಬಿನದು. ಒಂದು ಕಾಲದಲ್ಲಿ ರಾಜ್ಯದ ಮೊದಲ ದರ್ಜೆಯಲ್ಲಿ ವರ್ಷಗಟ್ಟಲೆ ಆಡಿದ ಆ ಕ್ಲಬ್ಬು ಈಗ ಕೆಳಗಿನ ದರ್ಜೆಗಳಲ್ಲಿ ಕಾಲ ಹಾಕುತ್ತಿದೆ. ಹೀಗಾಗಿ ದೊಡ್ಡ ಊರಿನ ಜನ ದೊಡ್ಡ ಆಟ ನೋಡಬೇಕೆಂದರೆ ಸಣ್ಣ ಊರಿಗೆ ಬರಬೇಕು. ಮಿರಾಸೋಲ್‌ನ ಮೈದಾನದ ಅಡ್ಡಹೆಸರು ‘ಮಯಾವ್’, ಹಿಡಿಸುವುದು ಸುಮಾರು 15 ಸಾವಿರ ಜನ. ಊರಿನ ಪ್ರತಿ ನಾಲ್ವರಲ್ಲಿ ಒಬ್ಬರಿಗೆ ಜಾಗವಿದೆ. ಈ ಲೆಕ್ಕದಲ್ಲಿ ಬೆಂಗಳೂರಿಗೆ ಕ್ರೀಡಾಂಗಣ ಕಟ್ಟಿದರೆ ಅದರೊಳಗೆ ಓಡಾಡಲು ಮೆಟ್ರೊ ಹಾಕಬೇಕಾದೀತು.

ನಮ್ಮ ಪಕ್ಕದ ಮನೆಯ ರಾಯರು ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು. ಫುಟ್‌ಬಾಲ್ ಅವರಿಗೆ ಬೇಡ. ಆದರೆ ರೈಲಿನ ಮಾತು ಬಂತೆಂದರೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಮಿರಾಸೋಲ್ ತಂಡವನ್ನು ‘ಅರರಕ್ವರೆನ್ಸೆಯ ಸಿಂಹ’ ಎನ್ನುತ್ತಾರೆ, ಅರರಕ್ವರೆನ್ಸೆ ಎನ್ನುವುದು ಕಾಡಲ್ಲ, ರೈಲು ಮಾರ್ಗ ಎಂದು ನಾನು ಹೇಳಿದ್ದೇ ತಡ, ಅವರ ಕಿವಿ ನೆಟ್ಟಗಾಯಿತು. ಸಾವೊ ಪಾಲೊ ರಾಜ್ಯದ ಒಳನಾಡಿನಲ್ಲಿ ಸೀಮೆಗಳಿಗೆ ರೈಲ್ವೆ ಕಂಪನಿಗಳ ಹೆಸರೇ ಅಂಟಿಕೊಂಡಿತ್ತು. ಮೊಜಿಯಾನ, ಸೊರೊಕಬಾನ, ನೊರೊಯೆಸ್ತೆ, ಅರರಕ್ವರೆನ್ಸೆ. ಕಾಫಿ ಎಲ್ಲಿ ಬೆಳೆಯಿತೋ ಅಲ್ಲಿಗೆ ಹಳಿ ಹೋಯಿತು, ಹಳಿ ಹೋದಲ್ಲಿ ಊರು ಎದ್ದಿತು, ಊರು ಎದ್ದಲ್ಲಿ ಸಂಜೆ ಹೊತ್ತು ಚೆಂಡು ಒದೆಯುವವರು ಸೇರಿದರು.

“ಗೇಜ್ ಯಾವುದ್ರೀ?” ಎಂದರು ರಾಯರು.

“ಮೊದಲು ಮೀಟರ್ ಗೇಜ್, ಆಮೇಲೆ ಬ್ರಾಡ್ ಮಾಡಿದರು ರಾಯರೇ.”

“ನಮ್ಮ ಮೈಸೂರು ಲೈನಿನ ಹಾಗೇ! ಬ್ರಾಡ್ ಅಂದರೆ ಎಷ್ಟು?”

“ಅಲ್ಲಿನದು 1600 ಮಿಲಿಮೀಟರ್.”

ನಮ್ಮದು 1676. ರಾಯರು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಅದನ್ನ ಬ್ರಾಡ್ ಅನ್ನೋದು ಅಷ್ಟು ಸರಿಯಲ್ಲ” ಎಂದು ತೀರ್ಪು ಕೊಟ್ಟರು.

ಅವರನ್ನು ಸಮಾಧಾನಪಡಿಸಲು ಚಾರ್ಲ್ಸ್ ಮಿಲ್ಲರ್ ಕಥೆ ತೆಗೆದೆ. ಮಿಲ್ಲರನ ತಂದೆ ಸ್ಕಾಟ್ಲೆಂಡಿನವನು, ಸಾವೊ ಪಾಲೊ ರೈಲ್ವೆಯಲ್ಲಿ ಕೆಲಸಕ್ಕಿದ್ದವನು. ಮಗನನ್ನು ಓದಲೆಂದು ಇಂಗ್ಲೆಂಡಿಗೆ ಕಳಿಸಿದರೆ, ಅವನು 1894ರಲ್ಲಿ ಫುಟ್‌ಬಾಲುಗಳನ್ನೂ ಆಟದ ನಿಯಮಪುಸ್ತಕವನ್ನೂ ಹೊತ್ತು ವಾಪಸಾದ. ಮರುವರ್ಷ ಏಪ್ರಿಲಿನಲ್ಲಿ ನಡೆದ, ಬ್ರೆಜಿಲಿನ ಮೊದಲನೆಯದೆಂದು ಹೇಳುವ ಪಂದ್ಯದಲ್ಲಿ ರೈಲ್ವೆಯವರು ಗ್ಯಾಸ್ ಕಂಪನಿಯವರನ್ನು 4-2ರಿಂದ ಸೋಲಿಸಿದರು. “ರೈಲ್ವೆ ಗೆಲ್ಲದೆ ಗ್ಯಾಸ್ ಗೆಲ್ಲುತ್ತದೇನ್ರೀ?” ಎಂದು ರಾಯರು ಎದ್ದು ಹೋದರು. ಅಂದಿನಿಂದ ಅವರು ಬ್ರೆಜಿಲಿನ ಪಕ್ಷ.

ಅವರಿಗೆ ಹೇಳಲು ಇನ್ನೂ ಇತ್ತು. ಕಂಪಿನಾಸಿನ ಪೊಂಟೆ ಪ್ರೆತಾ ಕ್ಲಬ್ಬು 1900ರಲ್ಲಿ ಹುಟ್ಟಿದ್ದು ರೈಲು ಸೇತುವೆಯೊಂದರ ಬಗಲಲ್ಲಿ, ಅದರ ಹೆಸರೂ ಆ ಸೇತುವೆಯದೇ. ಜುಂಡಿಯಾಯಿಯ ಪಾಲಿಸ್ತಾ ಕ್ಲಬ್ಬನ್ನು 1909ರಲ್ಲಿ ಕಟ್ಟಿದವರು ರೈಲ್ವೆ ನೌಕರರು. ಆ ತಂಡ 2005ರಲ್ಲಿ ರಿಯೊದ ಫ್ಲುಮಿನೆನ್ಸೆಯನ್ನು ಸೋಲಿಸಿ ಬ್ರೆಜಿಲ್ ಕಪ್ಪನ್ನೇ ಎತ್ತಿತು. ಮಿರಾಸೋಲ್ ಮಾರ್ಗದ ಇನ್ನೊಂದು ತುದಿಯಾದ ಅರರಕ್ವರದಲ್ಲಿ 1950ರಲ್ಲಿ ಶುರುವಾದ ಫೆರೊವಿಯಾರಿಯಾ ಕ್ಲಬ್ಬಿಗೆ ‘ಲೋಕೊಮೋಟಿವ್’ ಎಂದೇ ಅಡ್ಡಹೆಸರು. ಅಲ್ಲಿನ ಗಂಡಸರು ಏನು ಗೆದ್ದರೋ ಬಿಟ್ಟರೋ, ಹೆಂಗಸರ ತಂಡವಂತೂ 2015ರಲ್ಲೂ 2020ರಲ್ಲೂ ದಕ್ಷಿಣ ಅಮೆರಿಕ ಖಂಡಕ್ಕೇ ಚಾಂಪಿಯನ್ ಆಯಿತು. ಈಗ ಅರರಕ್ವರೆನ್ಸೆ ಹಳಿಯ ಮೇಲೆ ಸರಕು ಗಾಡಿಗಳು ಮಾತ್ರ ಓಡುತ್ತವೆ. ಪ್ರಯಾಣಿಕರ ರೈಲು ನಿಂತು ಎಷ್ಟೋ ವರ್ಷವಾಯಿತು ಎಂಬುದನ್ನು ನಾನು ರಾಯರಿಗೆ ಹೇಳಿಲ್ಲ.

ಮಿರಾಸೋಲ್ ಕ್ಲಬ್ಬು ಹುಟ್ಟಿದ್ದು 1925ರ ನವೆಂಬರ್ 9ರಂದು. ಆಮೇಲಿನ ಎಪ್ಪತ್ತು-ಎಂಬತ್ತು ವರ್ಷಗಳ ಬಗ್ಗೆ ಹೇಳುವುದು ಬಹಳವಿಲ್ಲ. ಆಡಿದರು, ಸೋತರು, ಗೆದ್ದರು, ಮತ್ತೆ ಆಡಿದರು. 1997ರಲ್ಲಿ ರಾಜ್ಯದ ಮೂರನೇ ದರ್ಜೆಯಲ್ಲಿ ಚಾಂಪಿಯನ್ ಆದದ್ದು, 2008ರಲ್ಲಿ ಮೊದಲ ಸಲ ರಾಜ್ಯದ ಮೊದಲ ದರ್ಜೆಯಲ್ಲಿ ಆಡಿದ್ದು ದೊಡ್ಡ ಸುದ್ದಿ. ಸಣ್ಣ ಊರಿನ ಕ್ಲಬ್ಬಿನ ಇತಿಹಾಸದಲ್ಲಿ ಇಂಥ ಉದ್ದುದ್ದ ಖಾಲಿ ಜಾಗಗಳು ಇರಬೇಕು. ಇಲ್ಲದಿದ್ದರೆ ಅದು ದೊಡ್ಡ ಊರಿನ ಕ್ಲಬ್ಬು.

ಆ ಖಾಲಿಗೆ ಕಾರಣವೂ ಇದೆ. ಬ್ರೆಜಿಲಿನಲ್ಲಿ 2025ರವರೆಗೆ ವರ್ಷದ ಮೊದಲ ಮೂರು-ನಾಲ್ಕು ತಿಂಗಳು ಆಯಾ ರಾಜ್ಯದ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ಸಣ್ಣ ಕ್ಲಬ್ಬುಗಳಿಗೆ ಅದೇ ಸುಗ್ಗಿ. ಕೊರಿಂಥಿಯನ್ಸ್, ಪಾಲ್ಮೇರಾಸ್‌ನಂಥವರು ಊರಿಗೆ ಬರುತ್ತಾರೆ, ಟಿಕೆಟ್ಟು ಖರ್ಚಾಗುತ್ತದೆ, ಟೀವಿಯ ದುಡ್ಡು ಬರುತ್ತದೆ. ಅದು ಮುಗಿದ ಮೇಲೆ ರಾಷ್ಟ್ರೀಯ ಲೀಗ್ ಶುರುವಾಗುತ್ತಿತ್ತು. ಅದರಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆ. ಮೇಲಿನ ಮೂರರಲ್ಲಿ ತಲಾ ಇಪ್ಪತ್ತೇ ತಂಡ. ಡಿ ದರ್ಜೆಯಲ್ಲೂ ಜಾಗ ಸಿಗದ ನೂರಾರು ಕ್ಲಬ್ಬುಗಳು ಏಪ್ರಿಲಿನ ಹೊತ್ತಿಗೆ ಬೀಗ ಹಾಕುತ್ತವೆ. ಆಟಗಾರರು ಕರಾರು ಮುಗಿಸಿ ಊರಿಗೆ ಹೋಗುತ್ತಾರೆ. ಕೆಲವರು ಬೇರೆ ಕೆಲಸ ಹುಡುಕುತ್ತಾರೆ. ಜನವರಿಗೆ ಮತ್ತೆ ಹೊಸ ತಂಡ, ಹೊಸ ಮುಖ. ಹೀಗೆ ವರ್ಷಕ್ಕೆ ಮೂರು ತಿಂಗಳು ಮಾತ್ರ ಉಸಿರಾಡುವ ಸಂಸ್ಥೆ ನೂರು ವರ್ಷ ಬದುಕುವುದೇ ಒಂದು ಪವಾಡ. ಟ್ರೋಫಿ ಆಮೇಲಿನ ಮಾತು.

ಒಳನಾಡಿನವರು ಗೆದ್ದೇ ಇರಲಿಲ್ಲ ಎಂದಲ್ಲ. 1986ರಲ್ಲಿ ಲಿಮೇರಾ ಎಂಬ ಊರಿನ ಇಂಟರ್ ತಂಡ ಫೈನಲಿನಲ್ಲಿ ಪಾಲ್ಮೇರಾಸನ್ನು ಸೋಲಿಸಿ, ಸಾವೊ ಪಾಲೊ ರಾಜ್ಯ ಪ್ರಶಸ್ತಿ ಗೆದ್ದ ಮೊದಲ ಒಳನಾಡಿನ ತಂಡವಾಯಿತು. 1990ರಲ್ಲಂತೂ ಫೈನಲಿಗೆ ಬಂದ ಎರಡೂ ತಂಡಗಳು ಒಳನಾಡಿನವು. ಬ್ರಗಾನ್ಸಾದ ಬ್ರಗಾಂಟಿನೊ ಒಂದು, ಮಿರಾಸೋಲ್‌ಗಿಂತ ಚಿಕ್ಕ ಊರಾದ ನೊವೊ ಹೊರಿಝೊಂಟೆಯ ನೊವೊರಿಝೊಂಟಿನೊ ಇನ್ನೊಂದು. ಪಟ್ಟಣದ ಪತ್ರಿಕೆಗಳು ಅದಕ್ಕೆ ‘ಹಳ್ಳಿಗರ ಫೈನಲ್’ ಎಂದು ಹೆಸರಿಟ್ಟವು. ಹಳ್ಳಿಗರು ಆ ಹೆಸರನ್ನೇ ಬಿರುದಿನಂತೆ ಇಟ್ಟುಕೊಂಡರು.

ಮಿರಾಸೋಲ್‌ನ ಸ್ವಭಾವ ಅರ್ಥವಾಗಬೇಕಾದರೆ 2013ನೇ ಇಸವಿಗೆ ಬರಬೇಕು. ಆ ವರ್ಷ ಮಾರ್ಚಿನಲ್ಲಿ ಪಾಲ್ಮೇರಾಸ್ ತಂಡ ಮಯಾವ್‌ಗೆ ಆಡಲು ಬಂತು. ಮಿರಾಸೋಲ್ 6-2ರಿಂದ ಗೆದ್ದಿತು. ಎಂಟೂ ಗೋಲುಗಳು ಮೊದಲರ್ಧದಲ್ಲೇ ಆಗಿಹೋದವು. ದ್ವಿತೀಯಾರ್ಧದಲ್ಲಿ ಎರಡೂ ಕಡೆಯವರು ನಾಚಿಕೆಯಿಂದಲೋ ದಣಿವಿನಿಂದಲೋ ಸುಮ್ಮನಾದರು. ಟಿಕೆಟ್ಟು ಕೊಂಡು ತಡವಾಗಿ ಬಂದವನ ಸ್ಥಿತಿ ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಸಾವೊ ಪಾಲೊದ ಪತ್ರಿಕೆಗಳಿಗೆ ವಾರಕ್ಕಾಗುವಷ್ಟು ಸರಕು ಸಿಕ್ಕಿತು. ಪಾಲ್ಮೇರಾಸ್‌ಗೆ ಆರು ಗೋಲು ಹೊಡೆದ ಈ ವೀರರು ಅದೇ ವರ್ಷ, ಅದೇ ಚಾಂಪಿಯನ್‌ಷಿಪ್ಪಿನ ಕೊನೆಗೆ, ರಾಜ್ಯದ ಎರಡನೇ ದರ್ಜೆಗೆ ಜಾರಿದರು. ಇಂಥ ಕ್ಲಬ್ಬನ್ನು ಪ್ರೀತಿಸದೆ ಇರುವುದು ಹೇಗೆ?

ಮತ್ತೆ ಮೇಲೆ ಬರಲು ಮೂರು ವರ್ಷ ಬೇಕಾಯಿತು. ಮೇಲೆ ಬಂದ 2017ರಲ್ಲೇ, ಮೈದಾನದಿಂದ ಬಹಳ ದೂರದಲ್ಲಿ, ಫ್ರಾನ್ಸಿನಲ್ಲಿ, ಈ ಕಥೆಯ ಮುಖ್ಯ ಘಟನೆ ನಡೆಯಿತು. ಲೂಯಿಸ್ ಅರೌಜೊ ಎಂಬ ಹುಡುಗ ಮಿರಾಸೋಲ್‌ನ ಕಿರಿಯರ ತಂಡದಲ್ಲಿ ಬೆಳೆದು ಸಾವೊ ಪಾಲೊ ಕ್ಲಬ್ಬಿಗೆ ಹೋಗಿದ್ದ. ಹೋಗುವಾಗ ಮಿರಾಸೋಲ್ ಅವನ ಮುಂದಿನ ಮಾರಾಟದ ಹಣದಲ್ಲಿ ಒಂದು ಪಾಲನ್ನು ತನ್ನ ಬಳಿಯೇ ಇಟ್ಟುಕೊಂಡಿತ್ತು. ಬ್ರೆಜಿಲಿನಲ್ಲಿ ಇದು ಮಾಮೂಲಿ ವ್ಯವಹಾರ. 2017ರಲ್ಲಿ ಫ್ರಾನ್ಸಿನ ಲೀಲ್ ಕ್ಲಬ್ಬು ಅವನನ್ನು ಕೋಟಿಗಟ್ಟಲೆ ಕೊಟ್ಟು ಕೊಂಡಾಗ ಮಿರಾಸೋಲ್‌ನ ಪಾಲಿನ ಹಣ ಬಂತು. ಆ ಕ್ಲಬ್ಬು ತನ್ನ ಜೀವಮಾನದಲ್ಲಿ ಒಟ್ಟಿಗೆ ಕಂಡಿರದಷ್ಟು ಹಣ.

ಸಣ್ಣ ಊರಿನ ಕ್ಲಬ್ಬಿಗೆ ಇದ್ದಕ್ಕಿದ್ದಂತೆ ಹಣ ಬಂದರೆ ಸಾಮಾನ್ಯವಾಗಿ ಆಗುವುದೇ ಬೇರೆ. ಮಂಡಿ ಸವೆದ ಹಳೆಯ ತಾರೆಯೊಬ್ಬನನ್ನು ತರಿಸಿ, ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿ, ಆರು ತಿಂಗಳ ಹೊತ್ತಿಗೆ ಗಂಟು ಕರಗಿಸಿಕೊಳ್ಳುತ್ತಾರೆ. ಮಿರಾಸೋಲ್‌ನವರು ಆ ಹಣವನ್ನು ತರಬೇತಿ ಕೇಂದ್ರಕ್ಕೆ ಹಾಕಿದರು. ಹುಲ್ಲಿನ ಅಂಕಣಗಳು, ಜಿಮ್ಮು, ಆಟಗಾರರು ಉಳಿದುಕೊಳ್ಳಲು ಕೋಣೆಗಳು. ಫೋಟೊ ತೆಗೆಸಿಕೊಳ್ಳಲು ಅದರಲ್ಲಿ ಏನೂ ಇಲ್ಲ. ಹುಲ್ಲಿನ ಪಕ್ಕ ನಿಂತು ಯಾರು ಫೋಟೊ ತೆಗೆಸಿಕೊಳ್ಳುತ್ತಾರೆ? ಈ ಕ್ಲಬ್ಬಿನ ಇತಿಹಾಸದಲ್ಲಿ ನನಗೆ ಅತ್ಯಂತ ರೋಮಾಂಚಕಾರಿ ಅನ್ನಿಸುವ ಘಟನೆ ಇದೇ. ಹೆಂಡತಿಗೆ ಹೇಳಿದೆ. “ನೋಡಿ, ಅವರಿಗೆ ಬುದ್ಧಿಯಿದೆ” ಎಂದಳು. ನಮ್ಮ ಮನೆಯ ಹಳೆಯ ಖರ್ಚೊಂದು ಅವಳ ಮನಸ್ಸಿನಲ್ಲಿ ಇದ್ದಂತಿತ್ತು.

ಇದೇ ರಾಜ್ಯದ ಮೊಜಿ ಮಿರಿಂ ಎಂಬ ಊರಿನ ಕ್ಲಬ್ಬಿನಿಂದ ಬಂದವನು ರಿವಾಲ್ಡೊ. ವಿಶ್ವಕಪ್ ಗೆದ್ದವನು, ಜಗತ್ತಿನ ಅತ್ಯುತ್ತಮ ಆಟಗಾರ ಎನ್ನಿಸಿಕೊಂಡವನು. ಕೊನೆಗೆ ಅಲ್ಲಿಗೇ ಮರಳಿ ಕ್ಲಬ್ಬಿನ ಅಧ್ಯಕ್ಷನಾದ. 2015ರ ಜುಲೈನಲ್ಲಿ, 43ನೇ ವಯಸ್ಸಿನಲ್ಲಿ, ಅಧ್ಯಕ್ಷನೇ ಬೂಟು ಕಟ್ಟಿ ಮಗ ರಿವಾಲ್ಡಿನ್ಯೊ ಜೊತೆ ಮೈದಾನಕ್ಕಿಳಿದ. ಮಕಾಯೆ ತಂಡದ ಮೇಲೆ ಅಪ್ಪನೂ ಗೋಲು ಹೊಡೆದ, ಮಗನೂ ಹೊಡೆದ. 3-1ರಿಂದ ಗೆದ್ದರು. ಇಂಥ ದೃಶ್ಯ ಸಿನಿಮಾದಲ್ಲಿ ಬಂದರೆ ಅತಿಯಾಯಿತು ಎನ್ನುತ್ತೇವೆ. ಆದರೆ ಆ ವರ್ಷದ ಕೊನೆಗೆ ಮೊಜಿ ಮಿರಿಂ ಬಿ ದರ್ಜೆಯಿಂದ ಸಿಗೆ ಜಾರಿತು, 2017ರಲ್ಲಿ ಸಿಯಿಂದ ಡಿಗೆ. ಮಹಾಪುರುಷರು ಮನೆಯಲ್ಲಿದ್ದ ಮಾತ್ರಕ್ಕೆ ಮನೆ ನಿಲ್ಲುವುದಿಲ್ಲ. ಬ್ರಗಾನ್ಸಾದ ಬ್ರಗಾಂಟಿನೊ ಇನ್ನೊಂದು ದಾರಿ ಹಿಡಿಯಿತು. 2019ರಲ್ಲಿ ರೆಡ್ ಬುಲ್ ಕಂಪನಿ ಬಂದು, ಕ್ಲಬ್ಬಿನ ಹೆಸರಿನ ಹಿಂದೆ ತನ್ನ ಹೆಸರನ್ನೂ ಲಾಂಛನದ ಮೇಲೆ ತನ್ನ ಗೂಳಿಗಳನ್ನೂ ಹೂಡಿತು. ತಂಡ ಎ ದರ್ಜೆಯಲ್ಲಿ ಚೆನ್ನಾಗಿಯೇ ಇದೆ. ನನಗೇನೂ ತಕರಾರಿಲ್ಲ. ಆದರೆ ಪಾನೀಯದ ಡಬ್ಬಿಯ ಹೆಸರು ಕೂಗಿ ಹುರಿದುಂಬಿಸಲು ನನ್ನ ಗಂಟಲು ಒಪ್ಪುವುದಿಲ್ಲ. 2021ರಲ್ಲಿ ಬಂದ ಕಾನೂನು ಕ್ಲಬ್ಬುಗಳನ್ನು ಕಂಪನಿಗಳಾಗಿ ಬದಲಾಯಿಸಿ ಮಾರುವುದನ್ನು ಸಲೀಸು ಮಾಡಿತು. ಎಷ್ಟೋ ಹಳೆಯ ಕ್ಲಬ್ಬುಗಳು ಹೀಗೆ ಕೈಬದಲಾದವು. ಮಿರಾಸೋಲ್ ಮಾತ್ರ 2025ರ ಆ ಋತುವನ್ನು ಸದಸ್ಯರ ಸಂಘವಾಗಿಯೇ ಆಡಿತು.

2020ರಲ್ಲಿ ಕೊರೋನಾ ಬಂದು ರಾಜ್ಯ ಚಾಂಪಿಯನ್‌ಷಿಪ್ ಅರ್ಧಕ್ಕೆ ನಿಂತಿತು. ಮತ್ತೆ ಶುರುವಾಗುವ ಹೊತ್ತಿಗೆ ಕರಾರು ಮುಗಿದು ಮಿರಾಸೋಲ್‌ನ 18 ಆಟಗಾರರು ಹೊರಟುಹೋಗಿದ್ದರು. ಹನ್ನೊಂದು ಜನರ ಆಟದಲ್ಲಿ ಹದಿನೆಂಟು ಜನ ಹೋದರೆ ಉಳಿಯುವುದು ಏನು? ಸಿಕ್ಕವರನ್ನು ಸೇರಿಸಿ, ಕಿರಿಯರನ್ನು ತುಂಬಿ, ಜುಲೈ 29ರಂದು ಕ್ವಾರ್ಟರ್ ಫೈನಲಿಗೆ ಮೊರುಂಬಿ ಮೈದಾನಕ್ಕೆ ಹೋದರು. ಎದುರಾಳಿ ಮೂರು ಸಲ ವಿಶ್ವ ಕ್ಲಬ್ ಪ್ರಶಸ್ತಿ ಗೆದ್ದ ಸಾವೊ ಪಾಲೊ. ಮಿರಾಸೋಲ್ 3-2ರಿಂದ ಗೆದ್ದಿತು. ಎರಡು ಗೋಲು ಹೊಡೆದವನು ಝೆ ರೊಬೆರ್ತೊ. ಜರ್ಮನಿಯಲ್ಲಿ ಆಡಿ ಹೆಸರಾದ ಆ ಝೆ ರೊಬೆರ್ತೊ ಅಲ್ಲ, ಆಗಷ್ಟೇ ಬಂದು ಸೇರಿಕೊಂಡಿದ್ದ ಇನ್ನೊಬ್ಬ. ಬ್ರೆಜಿಲಿನಲ್ಲಿ ಒಂದು ಝೆ ರೊಬೆರ್ತೊ ಕಳೆದರೆ ಇನ್ನೊಂದು ಸಿಗುತ್ತದೆ. ಸೆಮಿಫೈನಲಿನಲ್ಲಿ ಕೊರಿಂಥಿಯನ್ಸ್ ಎದುರು 1-0ರಿಂದ ಸೋತರು. ಆದರೆ ಆ ಋತುವಿನಲ್ಲೇ ಡಿ ದರ್ಜೆಯ ರಾಷ್ಟ್ರೀಯ ಲೀಗ್ ಗೆದ್ದು ಸಿಗೆ ಹೋದರು. 2022ರಲ್ಲಿ ಸಿ ಗೆದ್ದು ಬಿಗೆ. 2024ರಲ್ಲಿ ಬಿಯಲ್ಲಿ ಎರಡನೆಯವರಾಗಿ ಎಗೆ.

ನಮ್ಮ ಸರ್ಕಾರಿ ನೌಕರರಲ್ಲೂ ಎ, ಬಿ, ಸಿ, ಡಿ ಗ್ರೂಪುಗಳಿವೆಯಲ್ಲ. ಡಿ ಗ್ರೂಪಿಗೆ ಸೇರಿ, ಕಡತ ಹೊತ್ತು, ಐದೇ ವರ್ಷದಲ್ಲಿ ಎ ಗ್ರೂಪಿನ ಕುರ್ಚಿಯಲ್ಲಿ ಕೂತು ಅದೇ ಕಡತಕ್ಕೆ ಸಹಿ ಹಾಕಿದವರು ಯಾರಾದರೂ ಇದ್ದಾರೆಯೇ? ಬಡ್ತಿ ಪಟ್ಟಿ, ಜ್ಯೇಷ್ಠತೆ, ಇಲಾಖಾ ಪರೀಕ್ಷೆ, ಕೋರ್ಟಿನ ತಡೆಯಾಜ್ಞೆ, ಇವನ್ನೆಲ್ಲ ದಾಟುವಷ್ಟರಲ್ಲಿ ನಿವೃತ್ತಿಯ ಶಾಲು-ಹಾರ ಬಂದಿರುತ್ತದೆ. ಮಿರಾಸೋಲ್‌ನದು ಅಂಥ ಬಡ್ತಿ. ಅದೂ ಯಾರ ಶಿಫಾರಸೂ ಇಲ್ಲದೆ.

ಬಿಯಿಂದ ಎಗೆ ಏರಿಸಿದ ತರಬೇತುದಾರನ ಹೆಸರು ಮೊಝಾರ್ಟ್. ತಮಾಷೆಯಲ್ಲ, ಅದೇ ಹೆಸರು. ಬ್ರೆಜಿಲಿನ ತಂದೆತಾಯಿಯರು ಮಕ್ಕಳಿಗೆ ಹೆಸರಿಡುವಾಗ ಕೈ ಬಿಗಿಹಿಡಿಯುವುದಿಲ್ಲ. ರಿಬೇರಾವ್ ಪ್ರೆತೊದ ಬೊತಫೊಗೊ ಕ್ಲಬ್ಬಿನಲ್ಲಿ ಬೆಳೆದ, ವೈದ್ಯಶಾಸ್ತ್ರ ಓದಿದ ಸೊಕ್ರಟೀಸ್ ನಿಮಗೆ ಗೊತ್ತಿರಬಹುದು. ಅವನ ತಂದೆ ಗ್ರೀಕ್ ಪುಸ್ತಕಗಳ ಮೋಹಕ್ಕೆ ಬಿದ್ದವರು. ಮುಂದೆ ಹುಟ್ಟಿದ ಮಕ್ಕಳಿಗೆ ಸೋಸ್ಥೆನಿಸ್, ಸೊಫೊಕ್ಲಿಸ್ ಎಂದು ಹೆಸರಿಟ್ಟರು. ಕೊನೆಯವನ ಹೊತ್ತಿಗೆ ಮೋಹ ಇಳಿದಿತ್ತೇನೋ, ಅವನು ಬರೀ ರಾಯ್. ಅವನೇ 1994ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದವನು.

ಎ ದರ್ಜೆಗೆ ಏರಿದ್ದು ಖಚಿತವಾದದ್ದು 2024ರ ನವೆಂಬರ್ 24ರಂದು, ಮಯಾವ್‌ನಲ್ಲಿ, ಶಪೆಕೊಯೆನ್ಸೆಯ ಮೇಲೆ 1-0 ಗೆಲುವಿನಿಂದ. ಶಪೆಕೊಯೆನ್ಸೆಯೂ ಒಳನಾಡಿನ ಕ್ಲಬ್ಬೇ. ಅದೂ 2009ರಲ್ಲಿ ಡಿ ದರ್ಜೆಯಲ್ಲಿದ್ದು, 2014ಕ್ಕೆ ಎ ಮುಟ್ಟಿ, 2016ರಲ್ಲಿ ಖಂಡದ ಫೈನಲೊಂದಕ್ಕೆ ಹೊರಟಿತ್ತು. ನವೆಂಬರ್ 28ರ ರಾತ್ರಿ ಕೊಲಂಬಿಯಾದ ಮೆಡೆಲಿನ್ ಬಳಿ ವಿಮಾನ ಬಿತ್ತು. ಆಟಗಾರರು, ಸಿಬ್ಬಂದಿ, ಪತ್ರಕರ್ತರು ಸೇರಿ 71 ಜನ ತೀರಿಕೊಂಡರು. ಎದುರು ನಿಂತು ಫೈನಲ್ ಆಡಬೇಕಾಗಿದ್ದ ಮೆಡೆಲಿನ್‌ನ ಕ್ಲಬ್ಬು ಟ್ರೋಫಿಯನ್ನು ಶಪೆಕೊಯೆನ್ಸೆಗೇ ಕೊಡಿ ಎಂದು ಕೇಳಿಕೊಂಡಿತು, ಹಾಗೇ ಆಯಿತು. ಶಪೆಕೊಯೆನ್ಸೆ ಮತ್ತೆ ತಂಡ ಕಟ್ಟಿ ಆಡುತ್ತಲೇ ಇದೆ.

2024ರಲ್ಲಿ ಬಿ ದರ್ಜೆಯ ಮೊದಲ ಸ್ಥಾನ ಸಿಕ್ಕಿದ್ದು ಸ್ಯಾಂಟೋಸ್‌ಗೆ. ಪೆಲೆಯ ಸ್ಯಾಂಟೋಸ್! ತನ್ನ ಇತಿಹಾಸದಲ್ಲೇ ಮೊದಲ ಸಲ ಕೆಳಗಿಳಿದು, ಮಿರಾಸೋಲ್‌ಗಿಂತ ಒಂದೇ ಅಂಕ ಮುಂದಾಗಿ ಮೇಲೆ ಬಂತು. 2025ರಲ್ಲಿ ನೇಮಾರ್ ಸ್ಯಾಂಟೋಸ್‌ಗೆ ಮರಳಿದ. ಹೆಲಿಕಾಪ್ಟರು, ಹಾಡು, ಜನಸಾಗರ ಎಲ್ಲ ಆಯಿತು. ಆ ತಂಡ ವರ್ಷದ ಬಹುಭಾಗವನ್ನು ಮತ್ತೆ ಕೆಳಗಿಳಿಯುವ ಭಯದಲ್ಲೇ ಕಳೆಯಿತು. ಮಿರಾಸೋಲ್‌ನಲ್ಲಿ ನೇಮಾರ್ ಇರಲಿಲ್ಲ. ಗೋಲಿನಲ್ಲಿ ಹಿಂದೊಮ್ಮೆ ಕೊರಿಂಥಿಯನ್ಸ್‌ನಲ್ಲಿದ್ದ ವಾಲ್ಟರ್, ಎಡ ಹಿಂಬದಿಯಲ್ಲಿ ಸಾವೊ ಪಾಲೊ, ಗ್ರೇಮಿಯೊ ಮುಗಿಸಿಕೊಂಡು ಬಂದಿದ್ದ ರೆಯ್‌ನಾಲ್ಡೊ. ದೊಡ್ಡ ಊರಿನವರು ಇನ್ನು ಸಾಕು ಎಂದವರೇ ಹೆಚ್ಚು. ಋತು ಶುರುವಾಗುವ ಮೊದಲು ಪಂಡಿತರೆಲ್ಲ ಸೇರಿ ಇವರನ್ನು ಕೊನೆಯ ನಾಲ್ವರಲ್ಲಿ ಹಾಕಿಟ್ಟಿದ್ದರು. ತರಬೇತುದಾರ ರಫಾಯೆಲ್ ಗ್ವಾನಾಯೆಸ್. ಬಿ ದರ್ಜೆಯಲ್ಲಿ 38 ಪಂದ್ಯಗಳಿಂದ 67 ಅಂಕ ಗಳಿಸಿದ್ದ ಮಿರಾಸೋಲ್, ಎ ದರ್ಜೆಯಲ್ಲೂ 38 ಪಂದ್ಯಗಳಿಂದ ಅದೇ 67 ಅಂಕ ಗಳಿಸಿತು. ಎದುರಾಳಿ ಯಾರೆಂದು ಇವರಿಗೆ ಯಾರೂ ತಿಳಿಸಿರಲಿಲ್ಲವೇನೋ. ಫಲವಾಗಿ 2026ರ ಲಿಬರ್ಟಡೋರೆಸ್, ಅಂದರೆ ದಕ್ಷಿಣ ಅಮೆರಿಕದ ಅತಿ ದೊಡ್ಡ ಕ್ಲಬ್ ಟೂರ್ನಿಗೆ ನೇರ ಪ್ರವೇಶ. ಚಾಂಪಿಯನ್ ಆದ ಫ್ಲಮೆಂಗೊ ತಂಡದಲ್ಲಿ ಅಂಗಿ ತೊಟ್ಟಿದ್ದವರಲ್ಲಿ ಒಬ್ಬ ಲೂಯಿಸ್ ಅರೌಜೊ. ತರಬೇತಿ ಕೇಂದ್ರದ ಹುಲ್ಲಿಗೆ ಕಾರಣನಾದ ಹುಡುಗ ಈಗ ಎದುರಾಳಿ.

ಅದೇ ವರ್ಷ, ಮಿರಾಸೋಲ್ ಜೊತೆಯಲ್ಲೇ ಎ ದರ್ಜೆಗೆ ಬಡ್ತಿ ಪಡೆದಿದ್ದ ರೆಸಿಫೆ ನಗರದ ಸ್ಪೋರ್ಟ್ ತಂಡ ಕಟ್ಟಕಡೆಯ ಸ್ಥಾನಕ್ಕೆ ಬಿತ್ತು. ರೆಸಿಫೆ ಎಂದೊಡನೆ ಆ ಕ್ಷೌರಿಕನ ಮಾತು ಬರಬೇಕು. ರೆಸಿಫೆಯ ಮಗ್ಗುಲಿನ ಪಾಲಿಸ್ತಾ ಎಂಬ ಊರಿನಲ್ಲಿ ಇಬಿಸ್ ಎಂಬ ಕ್ಲಬ್ಬಿದೆ. 1938ರಲ್ಲಿ ಬಟ್ಟೆ ಗಿರಣಿಯೊಂದರ ಆಸರೆಯಲ್ಲಿ ಹುಟ್ಟಿದ್ದು. 1980ರ ಜುಲೈನಿಂದ 1984ರ ಜೂನ್‌ವರೆಗೆ, ಮೂರು ವರ್ಷ ಹನ್ನೊಂದು ತಿಂಗಳು, ಅದು ಒಂದೇ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ‘ಜಗತ್ತಿನ ಅತಿ ಕೆಟ್ಟ ತಂಡ’ ಎಂಬ ಹೆಸರು ಬಂತು. ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸುತ್ತಿದ್ದರು. ಇವರು ಅದನ್ನೇ ನಾಮಫಲಕ ಮಾಡಿಕೊಂಡರು. ಹತ್ತನೇ ನಂಬರಿನ ಅಂಗಿ ತೊಡುತ್ತಿದ್ದವನು ಮೌರೊ ಶಾಂಪೂ. ವೃತ್ತಿಯಿಂದ ಕೇಶ ಕತ್ತರಿಸುವವನು, ಗೋಲು ಹೊಡೆಯುವ ವಿಷಯದಲ್ಲಿ ಪರಮ ಸಂಯಮಿ. ಅವನ ಮೇಲೆ ಸಾಕ್ಷ್ಯಚಿತ್ರವೇ ಬಂದಿದೆ. 2021ರಲ್ಲಿ ಮೆಸ್ಸಿ ಬಾರ್ಸಿಲೋನಾ ಬಿಟ್ಟಾಗ ಇಬಿಸ್ ಅವನಿಗೂ ಒಂದು ಕರಾರುಪತ್ರ ಸಿದ್ಧಪಡಿಸಿತು. ಹೆಚ್ಚು ಗೋಲು ಹೊಡೆಯುವಂತಿಲ್ಲ, ಚಾಂಪಿಯನ್ ಆಗುವಂತಿಲ್ಲ, ಹತ್ತನೇ ನಂಬರು ಕೇಳುವಂತಿಲ್ಲ, ಏಕೆಂದರೆ ಅದು ಮೌರೊ ಶಾಂಪೂನದು. ಮೆಸ್ಸಿ ಪ್ಯಾರಿಸ್ಸಿಗೆ ಹೋದ. ಇಬಿಸ್ ಅಪ್ಪಿತಪ್ಪಿ ಎರಡು ಪಂದ್ಯ ಗೆದ್ದರೆ ಅಭಿಮಾನಿಗಳು ತರಬೇತುದಾರನ ರಾಜೀನಾಮೆ ಕೇಳುತ್ತಾರೆ.

ಮಿರಾಸೋಲ್ ದೊಡ್ಡದೋ ಇಬಿಸ್ ದೊಡ್ಡದೋ ಎಂದು ಯಾರಾದರೂ ನನ್ನನ್ನು ಕೇಳಿದರೆ ಕಷ್ಟವಾಗುತ್ತದೆ. ಆದರೆ ದುಡ್ಡು ಇಟ್ಟುಕೊಳ್ಳಲು ಕೊಡಬೇಕಾದರೆ ಮಿರಾಸೋಲ್‌ಗೇ ಕೊಡುತ್ತೇನೆ. ಕಷ್ಟಸುಖ ಹೇಳಿಕೊಳ್ಳಲು ಇಬಿಸ್ ವಾಸಿ.

ನಿಮಗೂ ನೋಡುವ ಮನಸ್ಸಾಗಿದ್ದರೆ ಒಂದು ಮಾಹಿತಿ. ಬ್ರೆಜಿಲಿನ ರಾತ್ರಿ ಒಂಬತ್ತೂವರೆಯ ಪಂದ್ಯ ನಮಗೆ ಮರುದಿನ ಬೆಳಗ್ಗೆ ಆರಕ್ಕೆ ಶುರುವಾಗುತ್ತದೆ, ಸರಿಯಾಗಿ ಒಲೆಯ ಮೇಲೆ ಹಾಲಿಟ್ಟ ಹೊತ್ತಿಗೆ. ಹಳದಿ ಅಂಗಿಯವರು ಯಾರು ಎಂದು ಮನೆಯಲ್ಲಿ ಕೇಳಿದರೆ ಬ್ರೆಜಿಲ್ ಎಂದಷ್ಟೇ ಹೇಳಿ ಸುಮ್ಮನಾಗಿ. ಮಿರಾಸೋಲ್, ಅರರಕ್ವರೆನ್ಸೆ ಎಂದು ವಿವರಿಸಲು ಹೊರಟರೆ ಹಾಲು ಉಕ್ಕುವುದು ಖಂಡಿತ.